ಪತ್ತೆಯಾಗಿಲ್ಲ ಎಂದರೆ ಮದ್ದು ನಾಟುತ್ತದೆ ಎಂದಲ್ಲ

ಕೊರೊನಾ ಕಾಲದಲ್ಲಿ ನಾವೆಲ್ಲ ಒಂದು ಬಗೆಯ ಓದು ಕಲಿತೆವು. ಮೊಬೈಲಿಗೆ ರಿಪೋರ್ಟ್ ಬಂದ ಕೂಡಲೇ ಹೆಸರು, ವಯಸ್ಸು, ಲ್ಯಾಬಿನ ವಿಳಾಸ ಎಲ್ಲವನ್ನೂ ಹಾರಿ ಕಣ್ಣು ನೇರವಾಗಿ ಒಂದೇ ಸಾಲಿಗೆ ಓಡುತ್ತಿತ್ತು. ‘ನೆಗೆಟಿವ್’ ಎಂದಿದ್ದರೆ ಉಸ್ಸಪ್ಪಾ ಎಂದು ಕೂರುವುದು, ‘ಪಾಸಿಟಿವ್’ ಎಂದಿದ್ದರೆ ಮನೆಯವರೆಲ್ಲ ಒಬ್ಬರಿಂದೊಬ್ಬರು ದೂರ ಸರಿಯುವುದು. ಆ ಓದು ನಮ್ಮನ್ನಿನ್ನೂ ಬಿಟ್ಟಿಲ್ಲ.

ಹೀಗೊಂದು ರಾತ್ರಿಯನ್ನು ಊಹಿಸಿಕೊಳ್ಳಿ. ಐಸಿಯು ಹೊರಗಿನ ಸ್ಟೀಲ್ ಬೆಂಚಿನ ಮೇಲೆ ಮಗ ಕೂತಿದ್ದಾನೆ. ಒಳಗೆ ತಾಯಿ, ವೆಂಟಿಲೇಟರ್ ಹಾಕಿ ಎಂಟನೇ ದಿನ. ಮಧ್ಯಾಹ್ನದಿಂದ ಹೊಸದಾಗಿ ಜ್ವರ ಏರಿದೆ, ಬಿಪಿ ಇಳಿದಿದೆ. ‘ರಕ್ತಕ್ಕೆ ನಂಜು ಹತ್ತಿದೆ. ಕಲ್ಚರ್ ಕಳಿಸಿದ್ದೇವೆ. ಬಾಟಲಿಯಲ್ಲಿ ಏನಾದರೂ ಬೆಳೆದರೆ ಹೊಸ ಜೀನ್ ಟೆಸ್ಟ್ ಇದೆ, ಒಂದೇ ಗಂಟೆಯಲ್ಲಿ ಯಾವ ಬ್ಯಾಕ್ಟೀರಿಯಾ, ಅದಕ್ಕೆ ರೆಸಿಸ್ಟೆನ್ಸ್ ಇದೆಯೋ ಇಲ್ಲವೋ ಗೊತ್ತಾಗುತ್ತೆ’ ಎಂದು ಡಾಕ್ಟರು ಹೇಳಿದ್ದಾರೆ. ಖರ್ಚು ಸಾವಿರಗಳ ಲೆಕ್ಕ. ಮಗ ಎರಡನೇ ಯೋಚನೆ ಮಾಡದೆ ಸಹಿ ಹಾಕಿದ್ದಾನೆ. ಮರುರಾತ್ರಿ ಒಂದೂವರೆಗೆ ರಿಪೋರ್ಟ್ ಬರುತ್ತದೆ. ಮೇಲಿನ ಸಾಲಿನಲ್ಲಿ ‘ಅಸಿನೆಟೋಬ್ಯಾಕ್ಟರ್: ಪತ್ತೆಯಾಗಿದೆ’. ಅದರ ಕೆಳಗೆ ಸಿಟಿಎಕ್ಸ್-ಎಂ, ಐಎಂಪಿ, ಕೆಪಿಸಿ, ಎನ್‌ಡಿಎಂ, ವಿಐಎಂ ಎಂಬ ಐದು ಹೆಸರು. ಐದರ ಮುಂದೆಯೂ ‘ಪತ್ತೆಯಾಗಿಲ್ಲ’. ಮಗ ಫೋಟೊ ತೆಗೆದು ಹೊರದೇಶದಲ್ಲಿರುವ ತಂಗಿಗೆ ಕಳಿಸುತ್ತಾನೆ: ‘ರೆಸಿಸ್ಟೆನ್ಸ್ ಏನೂ ಇಲ್ಲವಂತೆ ಕಣೆ.’ ರಾತ್ರಿ ಪಾಳಿಯ ಕಿರಿಯ ಡಾಕ್ಟರು ಕೂಡ ಹೆಚ್ಚುಕಡಿಮೆ ಹಾಗೆಯೇ ಓದುತ್ತಾರೆ. ಹೇಗೂ ಮೆರೋಪೆನೆಮ್ ಎಂಬ ಆಂಟಿಬಯೋಟಿಕ್ ಓಡುತ್ತಿದೆ, ಅದೇ ಮುಂದುವರಿಯಲಿ ಎಂದು ಬರೆದಿಟ್ಟು ಪಕ್ಕದ ಹಾಸಿಗೆಗೆ ಹೋಗುತ್ತಾರೆ.

ಆ ಕಾಗದದಲ್ಲಿ ಸುಳ್ಳು ಒಂದಕ್ಷರವೂ ಇಲ್ಲ. ಯಂತ್ರ ತನಗೆ ಕೇಳಿದ್ದಕ್ಕೆ ಸರಿಯಾಗಿಯೇ ಉತ್ತರ ಕೊಟ್ಟಿದೆ. ಓದಿದವರಿಬ್ಬರೂ ಮಾತ್ರ ಅದು ಹೇಳದೇ ಇದ್ದುದನ್ನು ಓದಿಕೊಂಡರು.

ಯಂತ್ರಕ್ಕೆ ಕೇಳಿದ್ದೇನು ಎಂದು ತಿಳಿಯಬೇಕಾದರೆ ಹಳೆಯ ಕ್ರಮದಿಂದ ಶುರು ಮಾಡಬೇಕು. ರಕ್ತದಲ್ಲಿ ಸೋಂಕಿದೆ ಎಂಬ ಅನುಮಾನ ಬಂದಾಗ ದೊಡ್ಡವರ ತೋಳಿನಿಂದ ಒಂದೊಂದು ಬಾಟಲಿಗೆ 8ರಿಂದ 10 ಮಿಲಿಲೀಟರ್ ರಕ್ತ ಎಳೆಯುತ್ತಾರೆ. ‘ಇಷ್ಟೊಂದು ಯಾಕೆ?’ ಎಂದು ಮನೆಯವರು ಗೊಣಗುವುದುಂಟು. ಕಾರಣ ಇದೆ. ನಂಜೇರಿ ಜೀವ ಹೋಗುವಂತಿರುವ ರೋಗಿಯ ರಕ್ತದಲ್ಲೂ ಎಷ್ಟೋ ಸಲ ಒಂದು ಮಿಲಿಲೀಟರಿಗೆ ಹತ್ತು ಬ್ಯಾಕ್ಟೀರಿಯಾ ಕೂಡ ಇರುವುದಿಲ್ಲ. ಒಂದೇ ಒಂದು ಇರುವುದೂ ಅಪರೂಪವಲ್ಲ. ಸಮುದ್ರದಲ್ಲಿ ಸೂಜಿ ಹುಡುಕುವ ಕೆಲಸ. ಆದ್ದರಿಂದ ಸೂಜಿಯೇ ಮರಿ ಹಾಕುವವರೆಗೆ ಕಾಯುತ್ತಾರೆ. ಬಾಟಲಿಯ ಸಾರದಲ್ಲಿ, ಮೈಶಾಖದ ಪೆಟ್ಟಿಗೆಯಲ್ಲಿ ಅವು ಒಂದು ಎರಡಾಗಿ, ಎರಡು ನಾಲ್ಕಾಗಿ ಕೋಟಿಗಟ್ಟಲೆ ಆಗುತ್ತವೆ. ಉಸಿರಾಡಿ ಬಿಟ್ಟ ಇಂಗಾಲದ ಡೈಆಕ್ಸೈಡಿಗೆ ಬಾಟಲಿಯ ತಳದ ಬಣ್ಣ ಹಳದಿಗೆ ತಿರುಗುತ್ತದೆ, ಯಂತ್ರ ಕೂಗುತ್ತದೆ. ‘ಬಾಟ್ಲಿ ಫ್ಲ್ಯಾಗ್ ಆಯ್ತು’ ಎಂಬುದು ಲ್ಯಾಬಿನ ಮಾತು. ಹೆಚ್ಚಿನವು ಒಂದು ದಿನದೊಳಗೆ ಕೂಗುತ್ತವೆ. ಐದು ದಿನ ಸುಮ್ಮನಿದ್ದರೆ ಏನೂ ಬೆಳೆದಿಲ್ಲ ಎಂದು ಕೈಬಿಡುತ್ತಾರೆ.

ಫ್ಲ್ಯಾಗ್ ಆದ ಬಾಟಲಿಯ ಒಂದು ಹನಿಯನ್ನು ಗಾಜಿನ ಮೇಲೆ ಬಳಿದು, ಹ್ಯಾನ್ಸ್ ಕ್ರಿಶ್ಚಿಯನ್ ಗ್ರಾಮ್ 1884ರಲ್ಲಿ ಹೇಳಿಕೊಟ್ಟ ಕ್ರಮದಲ್ಲಿ ಬಣ್ಣ ಹಾಕಿ ನೋಡುತ್ತಾರೆ. ನೇರಳೆ ಗುಂಡೋ, ಗುಲಾಬಿ ಕಡ್ಡಿಯೋ ಅಷ್ಟು ಹತ್ತು ನಿಮಿಷದಲ್ಲಿ ತಿಳಿಯುತ್ತದೆ. ಯಾವ ಮದ್ದಿಗೆ ಬಗ್ಗುತ್ತದೆ ಎಂಬುದಕ್ಕೆ ತಟ್ಟೆ ಬೇಕು. ಅಗರ್ ಎರೆದ ತಟ್ಟೆಯ ಮೇಲೆ ಬ್ಯಾಕ್ಟೀರಿಯಾವನ್ನು ದೋಸೆ ಹಂಚಿಗೆ ಎಣ್ಣೆ ಸವರಿದ ಹಾಗೆ ಸವರಿ, ಅದರ ಮೇಲೆ ಕಾಗದದ ಪುಟ್ಟ ಬಿಲ್ಲೆಗಳನ್ನು ಇಡುತ್ತಾರೆ. ಒಂದೊಂದು ಬಿಲ್ಲೆಯೂ 6 ಮಿಲಿಮೀಟರ್ ಅಗಲ. ಒಂದೊಂದರಲ್ಲಿ ಒಂದೊಂದು ಆಂಟಿಬಯೋಟಿಕ್. ಮಾರನೆಯ ದಿನ ತಟ್ಟೆಯ ತುಂಬ ಬೂದು ಹುಲ್ಲಿನಂತೆ ಬ್ಯಾಕ್ಟೀರಿಯಾ ಬೆಳೆದಿರುತ್ತದೆ. ನಾಟುವ ಮದ್ದಿನ ಬಿಲ್ಲೆಯ ಸುತ್ತ ಮಾತ್ರ ಬೋಳು ವರ್ತುಲ. ಅದರ ಅಗಲವನ್ನು ಸ್ಕೇಲಿನಲ್ಲಿ ಅಳೆದು ಬರೆಯುತ್ತಾರೆ. ಸಿಯಾಟಲ್‌ನಲ್ಲಿ ಬಾವರ್, ಕರ್ಬಿ ಮತ್ತು ಸಂಗಡಿಗರು 1966ರಲ್ಲಿ ಒಪ್ಪಗೊಳಿಸಿದ ವಿಧಾನ ಇದು. ಇಂದಿಗೂ ಜಿಲ್ಲೆ ತಾಲ್ಲೂಕಿನ ಲ್ಯಾಬುಗಳು ಇದರ ಮೇಲೆಯೇ ನಿಂತಿವೆ.

ತೊಂದರೆ ಒಂದೇ: ತಡ. ರಕ್ತ ಎಳೆದದ್ದರಿಂದ ಬಿಲ್ಲೆ ಓದುವವರೆಗೆ ಎರಡು ಮೂರು ದಿನ. ನಂಜಿನಿಂದ ಬಿಪಿ ಕುಸಿದ ರೋಗಿಗಳ ದಾಖಲೆಗಳನ್ನು ಕೂಡಿಸಿ ನೋಡಿದ 2006ರ ಒಂದು ಪ್ರಸಿದ್ಧ ಅಧ್ಯಯನದ ಪ್ರಕಾರ, ಸರಿಯಾದ ಆಂಟಿಬಯೋಟಿಕ್ ಒಂದೊಂದು ಗಂಟೆ ತಡವಾದಂತೆ ಬದುಕುಳಿಯುವವರ ಪ್ರಮಾಣ ಸರಾಸರಿ 7.6% ಇಳಿಯುತ್ತಿತ್ತು. ಆದ್ದರಿಂದ ಡಾಕ್ಟರು ಕತ್ತಲಲ್ಲೇ ಬಾಣ ಬಿಡುತ್ತಾರೆ, ಅದೂ ದೊಡ್ಡ ಬಾಣ.

ಈ ಕತ್ತಲಿಗೆ ದೀಪ ಹಿಡಿಯಲು ಬಂದದ್ದು ವಂಶವಾಹಿ ಪರೀಕ್ಷೆ. ಫ್ಲ್ಯಾಗ್ ಆದ ಬಾಟಲಿಯಿಂದ ನಾಲ್ಕು ಹನಿ ತೆಗೆದು ಬೆರಳುದ್ದದ ಪೊಟ್ಟಣಕ್ಕೆ ಹಾಕಿ ಯಂತ್ರಕ್ಕೆ ತುರುಕಿದರೆ ಸಾಕು. ಒಳಗೆ ಪಿಸಿಆರ್ ನಡೆದು ಸುಮಾರು ಒಂದು ಗಂಟೆಗೆ ಉತ್ತರ. ಹೆಚ್ಚು ಬಳಕೆಯಲ್ಲಿರುವ ಬಯೋಫೈರ್ ಬಿಸಿಐಡಿ2 ಎಂಬ ಪೊಟ್ಟಣ 43 ಗುರುತುಗಳನ್ನು ಹುಡುಕುತ್ತದೆ: 33 ಬ್ಯಾಕ್ಟೀರಿಯಾ ಮತ್ತು ಯೀಸ್ಟುಗಳ ಪತ್ತೆಗೆ, ಉಳಿದ 10, ಮದ್ದಿಗೆ ಬಗ್ಗದಂತೆ ಮಾಡುವ ಜೀನುಗಳ ಪತ್ತೆಗೆ. ಸಣ್ಣ ಸಾಧನೆಯೇನಲ್ಲ. ಸ್ಟ್ಯಾಫಿಲೊಕಾಕಸ್ ಆರಿಯಸ್‌ನಲ್ಲಿ ಮೆಕ್-ಎ ಜೀನ್ ಸಿಕ್ಕಿತೆಂದರೆ ಅದೇ ಗಂಟೆಯಲ್ಲಿ ವ್ಯಾಂಕೊಮೈಸಿನ್ ಗಟ್ಟಿ. ಕ್ಲೆಬ್ಸಿಯೆಲ್ಲಾದಲ್ಲಿ ಎನ್‌ಡಿಎಂ ಸಿಕ್ಕಿದರೆ ಸೆಫ್ಟಾಜಿಡಿಮ್-ಅವಿಬ್ಯಾಕ್ಟಮ್ ಒಂದೇ ಸಾಲದು, ಜೊತೆಗೆ ಅಜ್ಟ್ರಿಯೋನಾಮ್ ಬೇಕು. ಆಕ್ಸಾ-48 ಮಾತ್ರ ಸಿಕ್ಕಿದರೆ ಮೊದಲನೆಯದೇ ಸಾಕಾಗಬಹುದು. ತಟ್ಟೆಯ ಮೇಲೆ ಎರಡೂ ‘ಮೆರೋಪೆನೆಮ್‌ಗೆ ಬಗ್ಗದ್ದು’ ಎಂದೇ ಕಾಣುತ್ತವೆ. ಇಂಥ ಕಡೆ ಜೀನ್ ಪರೀಕ್ಷೆ ತಟ್ಟೆಗಿಂತ ಒಂದು ಕೈ ಮೇಲು. ಹಳೆಯದೇ ಚೆನ್ನ ಎಂದು ಹೇಳಲು ನಾನು ಹೊರಟಿಲ್ಲ.

ಹಾಗಿದ್ದರೆ ಎಡವುವುದೆಲ್ಲಿ? ಮನೆಯಲ್ಲಿ ಕುಡುಗೋಲಿದೆಯೇ ಎಂದು ಹುಡುಕುವುದು ಒಂದು ಕೆಲಸ, ಹೊಲ ಕೊಯ್ದಾಗಿದೆಯೇ ಎಂದು ಬದುವಿನ ಮೇಲೆ ನಿಂತು ನೋಡುವುದು ಇನ್ನೊಂದು. ಜೀನ್ ಪರೀಕ್ಷೆ ಕುಡುಗೋಲು ಹುಡುಕುತ್ತದೆ, ತಟ್ಟೆ ಹೊಲ ನೋಡುತ್ತದೆ. ಕುಡುಗೋಲು ಸಿಕ್ಕಿತೆಂದರೆ ಸಾಮಾನ್ಯವಾಗಿ ಕೊಯ್ಲೂ ಆಗಿರುತ್ತದೆ. ಸಿಗದಿದ್ದರೆ? ಕತ್ತಿಯಲ್ಲಿ ಕೊಯ್ದಿರಬಹುದು, ಯಂತ್ರ ತರಿಸಿರಬಹುದು, ದನ ನುಗ್ಗಿಸಿರಬಹುದು.

ಬ್ಯಾಕ್ಟೀರಿಯಾಕ್ಕೆ ದಾರಿಗಳು ಹಲವು. ಮದ್ದನ್ನು ಕತ್ತರಿಸುವ ಕಿಣ್ವ ಮಾಡಿಕೊಳ್ಳುವುದು ಒಂದು ದಾರಿ. ಪೊಟ್ಟಣಗಳು ಹುಡುಕುವ ಜೀನುಗಳಲ್ಲಿ ಹೆಚ್ಚಿನವು ಈ ಕಿಣ್ವಗಳವೇ. ಮದ್ದು ಒಳಬರುವ ತೂತನ್ನೇ ಮುಚ್ಚಿಕೊಳ್ಳುವುದು ಎರಡನೆಯದು. ಸ್ಯೂಡೊಮೊನಾಸ್‌ಗೆ ಇದು ಕರತಲಾಮಲಕ: ಒಪಿಆರ್-ಡಿ ಎಂಬ ತೂತನ್ನು ಕಳೆದುಕೊಂಡರೆ ಸಾಕು, ಇಮಿಪೆನೆಮ್ ಹೊರಗೇ ನಿಲ್ಲುತ್ತದೆ. ಒಳಬಂದದ್ದನ್ನು ಪಂಪ್ ಹಾಕಿ ಹೊರಚೆಲ್ಲುವುದು ಮೂರನೆಯದು. ಮದ್ದು ಕಚ್ಚಿಕೊಳ್ಳುವ ಜಾಗದ ಆಕಾರವನ್ನೇ ಬದಲಿಸುವುದು ನಾಲ್ಕನೆಯದು. ತೂತು ಕಳೆದುಹೋಗಲು ಆ ಜೀನಿನಲ್ಲಿ ಎಲ್ಲೋ ಒಂದಕ್ಷರ ತಪ್ಪಿದರೂ ಆಯಿತು. ತಪ್ಪುವ ಬಗೆ ನೂರಾರು. ಇರುವ ವಸ್ತುವನ್ನು ಪಿಸಿಆರ್ ಚೆನ್ನಾಗಿ ಹುಡುಕುತ್ತದೆ. ಕೆಟ್ಟುಹೋದದ್ದನ್ನು, ಇಲ್ಲವಾದದ್ದನ್ನು ಹುಡುಕು ಎಂದರೆ ತಬ್ಬಿಬ್ಬಾಗುತ್ತದೆ.

ಕೊಲಿಸ್ಟಿನ್ ಕತೆ ನೋಡಿ. ಬೇರೆಲ್ಲ ಕೈಕೊಟ್ಟಾಗ ಐಸಿಯುಗಳು ಮೊರೆಹೋಗುವ ಹಳೆಯ, ಮೂತ್ರಪಿಂಡಕ್ಕೆ ಕಠಿಣವಾದ ಮದ್ದು. ಚೀನಾದಲ್ಲಿ ಹಂದಿಗಳಿಂದ ಹಿಡಿದು ಮನುಷ್ಯರವರೆಗೆ ಎಂಸಿಆರ್-1 ಎಂಬ ಜೀನ್ ಹಬ್ಬಿದೆ ಎಂಬ ಸುದ್ದಿ 2015ರ ನವೆಂಬರಿನಲ್ಲಿ ಬಂದಾಗ ಜಗತ್ತು ಬೆಚ್ಚಿತು. ಭಾರತ 2019ರಲ್ಲಿ ಕೋಳಿ, ಮೀನು, ದನಗಳಿಗೆ ಕೊಲಿಸ್ಟಿನ್ ಕೊಡುವುದನ್ನು ನಿಷೇಧಿಸಿತು. ಎಂಸಿಆರ್-1 ಪೊಟ್ಟಣದ ಪಟ್ಟಿಗೂ ಸೇರಿತು. ಆದರೆ ನಮ್ಮ ಆಸ್ಪತ್ರೆಗಳ ಕ್ಲೆಬ್ಸಿಯೆಲ್ಲಾ ಕೊಲಿಸ್ಟಿನ್‌ಗೆ ಬಗ್ಗದಂತಾದದ್ದು ಬಹುಮಟ್ಟಿಗೆ ಎಂಸಿಆರ್‌ನಿಂದ ಅಲ್ಲ, ತನ್ನದೇ ಎಂಜಿಆರ್-ಬಿ ಎಂಬ ಜೀನ್ ಕೆಡಿಸಿಕೊಂಡು. ಪೊಟ್ಟಣ ಅದನ್ನು ನೋಡುವುದೇ ಇಲ್ಲ. ಹೀಗಾಗಿ ‘ಎಂಸಿಆರ್-1 ಪತ್ತೆಯಾಗಿಲ್ಲ’ ಎಂಬ ಸಾಲು ನಮ್ಮಲ್ಲಿ ಹೆಚ್ಚುಕಡಿಮೆ ಶೋಭೆಗೆ. ಟೈಫಾಯ್ಡಿನದೂ ಇದೇ ಹಾಡು: ಸಿಪ್ರೊಫ್ಲಾಕ್ಸಾಸಿನ್ ನಾಟದಿರುವುದು ಜೈರ್-ಎ ಜೀನಿನ ಚುಕ್ಕೆಯಷ್ಟು ಬದಲಾವಣೆಯಿಂದ, ಅದು ಪಟ್ಟಿಯಲ್ಲಿಲ್ಲ.

ಪಟ್ಟಿ ಎಂದ ಮೇಲೆ ಅದನ್ನು ಯಾರ ಊರಿನ ಕಳ್ಳರನ್ನು ನೋಡಿ ಬರೆದದ್ದು ಎಂಬ ಪ್ರಶ್ನೆ ಬರುತ್ತದೆ. ಕೆಪಿಸಿ ಮೊದಲು ಸಿಕ್ಕಿದ್ದು ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ, 1996ರ ಒಂದು ಮಾದರಿಯಲ್ಲಿ. ಅಲ್ಲಿಂದ ಆ ದೇಶದ ಆಸ್ಪತ್ರೆಗಳನ್ನೆಲ್ಲ ಸುತ್ತಿತು. ನಮ್ಮಲ್ಲಿ ಅದರ ಹಾವಳಿ ಕಡಿಮೆ. ಎನ್‌ಡಿಎಂ ಎಂಬುದರಲ್ಲಿ ಎನ್‌ಡಿ ಎಂದರೆ ನ್ಯೂ ಡೆಲ್ಲಿ. ದೆಹಲಿಯ ಆಸ್ಪತ್ರೆಯಲ್ಲಿದ್ದು ಸ್ವೀಡನ್ನಿಗೆ ಮರಳಿದ ಭಾರತ ಮೂಲದ ರೋಗಿಯಲ್ಲಿ ಸಿಕ್ಕಿತೆಂದು ಆ ಹೆಸರು. 2010ರಲ್ಲಿ ಇದು ಸುದ್ದಿಯಾದಾಗ ಊರ ಹೆಸರು ಕೆಡಿಸಿದರು, ನಮ್ಮ ಆಸ್ಪತ್ರೆಗಳ ವ್ಯಾಪಾರಕ್ಕೆ ಕಲ್ಲು ಹಾಕಿದರು ಎಂದು ದೆಹಲಿಯಲ್ಲಿ ದೊಡ್ಡ ಗಲಾಟೆಯಾಯಿತು. ಹೆಸರಿನ ಜಗಳಕ್ಕೆ ಸುರಿದ ಬೆವರಿನಲ್ಲಿ ಅರ್ಧವನ್ನು ವಾರ್ಡುಗಳಲ್ಲಿ ಕೈತೊಳೆಯುವುದಕ್ಕೆ ಸುರಿದಿದ್ದರೆ ಎಂದು ನನಗೆ ಆಗಾಗ ಅನ್ನಿಸುತ್ತದೆ. ಇರಲಿ. ಎನ್‌ಡಿಎಂ ಪಟ್ಟಿಯಲ್ಲಿದೆ.

ಪಟ್ಟಿಯಲ್ಲಿಲ್ಲದ್ದು ಆಕ್ಸಾ-23. ಅಸಿನೆಟೋಬ್ಯಾಕ್ಟರ್ ಎಂಬ ಐಸಿಯು ಜೀವಿ ಮೆರೋಪೆನೆಮ್ ಅನ್ನು ಅರಗಿಸಿಕೊಳ್ಳಲು ಮುಖ್ಯವಾಗಿ ನೆಚ್ಚಿರುವುದು ಈ ಜೀನನ್ನೇ. ಭಾರತದಲ್ಲಂತೂ ಇದರದೇ ಕಾರುಬಾರು. ವಿಚಿತ್ರವೆಂದರೆ ಇದು ಮೊದಲು ಸಿಕ್ಕಿದ್ದು ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ, 1985ರ ಒಂದು ಮಾದರಿಯಲ್ಲಿ; ಅದಕ್ಕೆ ಯಾರೂ ‘ಎಡಿನ್‌ಬರೋ’ ಎಂದು ಹೆಸರಿಡಲಿಲ್ಲ. ದೆಹಲಿಯ ಮೂರು ದೊಡ್ಡ ಆಸ್ಪತ್ರೆಗಳ ನವಜಾತ ಶಿಶುಗಳ ಮೇಲೆ 2011ರಿಂದ 2014ರವರೆಗೆ ನಡೆದ ಅಧ್ಯಯನದಲ್ಲಿ, ನಂಜೇರಿದ ಕೂಸುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಸಿಕ್ಕಿದ್ದು ಅಸಿನೆಟೋಬ್ಯಾಕ್ಟರೇ. ಒಟ್ಟು 222 ಮಾದರಿ. ಅದರಲ್ಲಿ 181 ಹಲವು ಬಗೆಯ ಮದ್ದುಗಳಿಗೆ ಬಗ್ಗದವು. ಈಗ ಮೊದಲಿನ ಆ ರಿಪೋರ್ಟಿಗೆ ಮರಳಿ ನೋಡಿ. ಸಿಟಿಎಕ್ಸ್-ಎಂ, ಐಎಂಪಿ, ಕೆಪಿಸಿ, ಎನ್‌ಡಿಎಂ, ವಿಐಎಂ ಯಾವುದೂ ಇಲ್ಲ. ಇರಬಹುದಾದದ್ದರಲ್ಲಿ ಅತಿ ಸಾಮಾನ್ಯವಾದದ್ದನ್ನು ಯಾರೂ ಹುಡುಕಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ ತಯಾರಕರು ಇದನ್ನು ಮುಚ್ಚಿಟ್ಟಿಲ್ಲ. ಜೀನ್ ಸಿಗದಿದ್ದ ಮಾತ್ರಕ್ಕೆ ಮದ್ದು ನಾಟುತ್ತದೆಂದು ತಿಳಿಯಬೇಡಿ, ಬ್ಯಾಕ್ಟೀರಿಯಾ ಬೆಳೆಸಿ ನೋಡಿ ಎಂಬ ಅರ್ಥದ ಸೂಚನೆ ರಿಪೋರ್ಟಿನಲ್ಲೇ ಅಚ್ಚಾಗಿರುತ್ತದೆ. ಬಸ್ ಟಿಕೆಟ್ಟಿನ ಹಿಂಬದಿಯ ನಿಯಮ ಓದಿದವರು ಯಾರಿದ್ದಾರೆ?

ಇಲ್ಲೊಂದು ಲೆಕ್ಕ ಇದೆ. ಸ್ವಲ್ಪ ತಾಳ್ಮೆ ಬೇಕು, ಆದರೆ ಇಡೀ ವಿಷಯದ ತಿರುಳು ಇಲ್ಲೇ. ಲೆಕ್ಕಕ್ಕಾಗಿ ಒಂದು ಪರೀಕ್ಷೆ ಇದೆ ಎನ್ನೋಣ. ಬಗ್ಗದ ಬ್ಯಾಕ್ಟೀರಿಯಾ 100 ಕೊಟ್ಟರೆ 90 ಹಿಡಿಯುತ್ತದೆ, 10 ತಪ್ಪಿಸಿಕೊಳ್ಳುತ್ತವೆ. ಒಳ್ಳೆಯ ಪರೀಕ್ಷೆಯೇ. ನೂರು ರೋಗಿಗಳಲ್ಲಿ ಇಬ್ಬರಿಗೆ ಮಾತ್ರ ಇಂಥ ಬ್ಯಾಕ್ಟೀರಿಯಾ ಇರುವ ಊರಿನಲ್ಲಿ ಇದನ್ನು ಬಳಸಿದರೆ, ‘ಪತ್ತೆಯಾಗಿಲ್ಲ’ ಎಂಬ ಉತ್ತರ ಪಡೆದ ಸುಮಾರು ಐನೂರು ಮಂದಿಯಲ್ಲಿ ಒಬ್ಬರಿಗೆ ಮೋಸವಾಗುತ್ತದೆ. ಅದೇ ಪೊಟ್ಟಣ, ಅದೇ ಯಂತ್ರವನ್ನು ನೂರಕ್ಕೆ ಅರವತ್ತು ಮಂದಿಗೆ ಬಗ್ಗದ ಬ್ಯಾಕ್ಟೀರಿಯಾ ಇರುವ ಐಸಿಯುಗೆ ತನ್ನಿ. ಅರವತ್ತರಲ್ಲಿ 54 ಸಿಕ್ಕಿಬೀಳುತ್ತವೆ, 6 ಜಾರುತ್ತವೆ. ‘ಪತ್ತೆಯಾಗಿಲ್ಲ’ ಎಂದು ಬರೆಸಿಕೊಂಡವರು 46 ಮಂದಿ, ಅವರಲ್ಲಿ ಈ 6 ಮಂದಿ ಸೇರಿದ್ದಾರೆ. ಅಂದರೆ ಎಂಟರಲ್ಲಿ ಒಬ್ಬರು. ಯಂತ್ರ ಬದಲಾಗಿಲ್ಲ, ರಿಪೋರ್ಟಿನ ಅಕ್ಷರ ಬದಲಾಗಿಲ್ಲ, ಊರು ಬದಲಾಯಿತು. ಮೊದಲ ಊರಿನಲ್ಲಿ ಆ ಪದವನ್ನು ನಂಬಿ ಮದ್ದು ಇಳಿಸಬಹುದು. ಎರಡನೆಯದರಲ್ಲಿ ಅದೇ ಪದ ಜೂಜು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಜಾಲದ ವರದಿಗಳಲ್ಲಿ ಇತ್ತೀಚಿನ ವರ್ಷಗಳಲ್ಲಿ ಇಮಿಪೆನೆಮ್‌ಗೆ ಬಗ್ಗುವ ಕ್ಲೆಬ್ಸಿಯೆಲ್ಲಾ ಅರ್ಧಕ್ಕಿಂತ ಕೆಳಗಿಳಿದಿದೆ. ನಾವು ಯಾವ ಊರಿನವರು ಎಂದು ಬಿಡಿಸಿ ಹೇಳಬೇಕಿಲ್ಲ.

‘ಹಾಗಾದರೆ ಕ್ಷಯಕ್ಕೆ ಜೀನ್ ಟೆಸ್ಟ್ ಹೇಗೆ ನಡೆಯುತ್ತದೆ?’ ಎಂದು ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆ. ಜಿಲ್ಲಾಸ್ಪತ್ರೆಗಳಲ್ಲಿ ‘ಸಿಬಿನ್ಯಾಟ್ ಮಾಡಿಸಿ’ ಎಂಬ ಮಾತು ಈಗ ಮನೆಮಾತು. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಒಪ್ಪಿದ್ದು 2010ರಲ್ಲಿ. ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್‌ನಲ್ಲಿ ಹುಟ್ಟಿ ಗೋವಾದ ಮೋಲ್‌ಬಯೊ ತಯಾರಿಸುವ ಟ್ರೂನ್ಯಾಟ್, ಬ್ಯಾಟರಿಯ ಮೇಲೂ ಓಡುವ ಪುಟ್ಟ ಯಂತ್ರ, 2020ರಲ್ಲಿ ಅದೇ ಒಪ್ಪಿಗೆ ಪಡೆಯಿತು. ಇವು ಎರಡು ಗಂಟೆಯಲ್ಲಿ ರಿಫಾಂಪಿಸಿನ್ ನಾಟುತ್ತದೋ ಇಲ್ಲವೋ ಹೇಳಬಲ್ಲವು. ಕ್ಷಯದ ಬ್ಯಾಕ್ಟೀರಿಯಾ ಒಂಟಿ ಸ್ವಭಾವದ್ದು. ಪಕ್ಕದವರಿಂದ ಜೀನ್ ಎರವಲು ಪಡೆಯುವ ಅಭ್ಯಾಸ ಅದಕ್ಕಿಲ್ಲ. ಅದು ರಿಫಾಂಪಿಸಿನ್‌ಗೆ ಸೆಡ್ಡು ಹೊಡೆಯುವುದು ಆರ್‌ಪಿಒ-ಬಿ ಎಂಬ ಒಂದೇ ಜೀನಿನ, ಅದರಲ್ಲೂ 81 ಅಕ್ಷರಗಳ ತುಣುಕಿನ ತಿದ್ದುಪಡಿಯಿಂದ. ನೂರಕ್ಕೆ ಸುಮಾರು 95 ಪ್ರಕರಣ ಅಷ್ಟರೊಳಗೇ ಮುಗಿಯುತ್ತದೆ. ಒಂದೇ ಬಾಗಿಲಿನ ಮನೆಗೆ ಒಬ್ಬ ಕಾವಲುಗಾರ ಸಾಕು. ಆದರೂ ಆಗ ಸ್ವಾಜಿಲ್ಯಾಂಡ್ ಎನ್ನುತ್ತಿದ್ದ, ಈಗಿನ ಎಸ್ವಾಟಿನಿಯಲ್ಲಿ ಆ ತುಣುಕಿನ ಆಚೆಯ ಒಂದು ಬದಲಾವಣೆ ಹಬ್ಬಿತ್ತು. ಅಲ್ಲಿನ ಬಹುಮದ್ದು ನಿರೋಧಕ ಕ್ಷಯದಲ್ಲಿ ಸುಮಾರು 30%ರಷ್ಟು ಯಂತ್ರದ ಕಣ್ಣಿಗೆ ಬೀಳದ ಬಗೆಯದು ಎಂದು ಆಮೇಲೆ ಬೆಳೆಸಿ ನೋಡಿದಾಗ ತಿಳಿಯಿತು. ಯಂತ್ರ ಯಾರನ್ನು ಬಿಟ್ಟಿತೋ ಅವರೇ ಉಳಿದು ಹಬ್ಬಿದರು. ಒಂದೇ ಬಾಗಿಲಿನ ಮನೆಯಲ್ಲೇ ಹೀಗೆ. ಕ್ಲೆಬ್ಸಿಯೆಲ್ಲಾ ಆದರೋ ಸಂತೆಯಲ್ಲಿ ಬೆಳೆದದ್ದು, ಜೀನುಗಳನ್ನು ಉಂಗುರದಂಥ ಪ್ಲಾಸ್ಮಿಡ್‌ಗಳಲ್ಲಿ ಕಟ್ಟಿಕೊಂಡು ಕೈಯಿಂದ ಕೈಗೆ ದಾಟಿಸುತ್ತದೆ.

‘ಪತ್ತೆಯಾಗಿದೆ’ ಎಂಬ ಉತ್ತರಕ್ಕೂ ಸಣ್ಣಪುಟ್ಟ ತೊಡಕುಗಳಿವೆ. ಬಾಟಲಿಯಲ್ಲಿ ಎರಡು ಬಗೆಯ ಸ್ಟ್ಯಾಫಿಲೊಕಾಕಸ್ ಇದ್ದು, ಒಂದು ರೋಗದ್ದು, ಇನ್ನೊಂದು ಸೂಜಿ ಚುಚ್ಚುವಾಗ ಚರ್ಮದಿಂದ ಬಂದದ್ದು ಎಂದಿಟ್ಟುಕೊಳ್ಳಿ. ಮೆಕ್-ಎ ಸಿಕ್ಕಿದೆ. ಯಾರದ್ದು? ಇಬ್ಬರಿರುವ ಕೋಣೆಯಲ್ಲಿ ಬೀಡಿ ವಾಸನೆ ಬಂದ ಹಾಗೆ. ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎ ಬಾಟಲಿಯ ಸಾರದಲ್ಲೇ ಉಳಿದುಬಿಟ್ಟು ಇಲ್ಲದ ರೋಗ ತೋರಿಸಿದ ಪ್ರಸಂಗಗಳೂ ನಡೆದಿವೆ. ಇನ್ನು ಎನ್‌ಡಿಎಂ ಸಿಕ್ಕಿತು, ಅಜ್ಟ್ರಿಯೋನಾಮ್ ಜೋಡಿ ಹಾಕಿದರು ಎನ್ನಿ. ನಮ್ಮ ದೇಶದ ಎಷ್ಟೋ ಇ. ಕೋಲಿಗಳು ಆ ಮದ್ದು ಕಚ್ಚುವ ಪ್ರೋಟೀನಿನಲ್ಲಿ ನಾಲ್ಕು ಅಮೈನೊ ಆಮ್ಲ ಹೆಚ್ಚುವರಿಯಾಗಿ ಸೇರಿಸಿಕೊಂಡು ಜೋಡಿಯ ಬಲವನ್ನೂ ತಗ್ಗಿಸುತ್ತವೆ. ಜೀನ್ ಇದೆ, ಇಲ್ಲ ಎಂದಷ್ಟೇ ಹೇಳುವ ರಿಪೋರ್ಟಿಗೆ ಎಷ್ಟು ಬಲ, ಎಷ್ಟು ಡೋಸ್ ಎಂದು ಹೇಳುವ ನಾಲಿಗೆಯಿಲ್ಲ.

ಬ್ಯಾಕ್ಟೀರಿಯಾದ ಹೆಸರೇ ಪಟ್ಟಿಯಲ್ಲಿ ಇಲ್ಲದಿದ್ದರೆ? ಇದು ಕರಾವಳಿಯವರು ಕಿವಿಗೊಡಬೇಕಾದ ಮಾತು. ಉಡುಪಿ, ದಕ್ಷಿಣ ಕನ್ನಡ, ಉತ್ತರ ಕನ್ನಡಗಳಲ್ಲಿ ಮಳೆ ಹಿಡಿದ ಮೇಲೆ, ಸಕ್ಕರೆ ಕಾಯಿಲೆಯವರಲ್ಲಿ ಹೆಚ್ಚಾಗಿ ಕಾಣುವ ಮೆಲಿಯಾಯ್ಡೋಸಿಸ್ ಎಂಬ ಸೋಂಕಿದೆ. ಗದ್ದೆಯ ಕೆಸರಿನಲ್ಲಿರುವ ಬರ್ಕ್‌ಹೋಲ್ಡೇರಿಯಾ ಸ್ಯೂಡೊಮ್ಯಾಲಿಯೈ ಇದಕ್ಕೆ ಕಾರಣ. 1912ರಲ್ಲಿ ರಂಗೂನಿನಿಂದ ಇದನ್ನು ಮೊದಲು ಬಣ್ಣಿಸಿದವರು ವಿಟ್‌ಮೋರ್ ಮತ್ತು ಅವರ ಸಹಾಯಕ ಕೃಷ್ಣಸ್ವಾಮಿ. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನವರು ವರ್ಷಗಳಿಂದ ಇದರ ಬೆನ್ನು ಹತ್ತಿದ್ದಾರೆ. ಬಿಸಿಐಡಿ2ರ ಪಟ್ಟಿಯಲ್ಲಿ ಇದು ಇಲ್ಲ. ಬಾಟಲಿ ಫ್ಲ್ಯಾಗ್ ಆಗಿದೆ, ಗ್ರಾಮ್ ಬಣ್ಣದಲ್ಲಿ ಗುಲಾಬಿ ಕಡ್ಡಿ ಕಾಣುತ್ತಿದೆ, ಯಂತ್ರ ‘ಏನೂ ಪತ್ತೆಯಾಗಿಲ್ಲ’ ಎನ್ನುತ್ತದೆ. ಅವಸರದಲ್ಲಿ ಯಾವುದೋ ಕೊಳೆ ಸೇರಿರಬೇಕೆಂದು ಎಸೆದುಬಿಡುವ ಅಪಾಯ ಇರುವುದು ಇಲ್ಲೇ.

ತಟ್ಟೆಯ ಮುಂದೆ ಕೂತವರು ಇದನ್ನು ಹೇಗೆ ಹಿಡಿಯುತ್ತಾರೆ ನೋಡಿ. ಎರಡು ದಿನಕ್ಕೆ ತಟ್ಟೆಯ ಮೇಲೆ ಒಣಗಿದ, ಸುಕ್ಕುಗಟ್ಟಿದ ಕಲೆಗಳು. ಬಣ್ಣ ಹಾಕಿದರೆ ಎರಡು ತುದಿ ಗಾಢ, ನಡು ಖಾಲಿ, ಸೇಫ್ಟಿ ಪಿನ್ನಿನ ಹಾಗೆ. ಆಮೇಲೆ ಮೂರು ಬಿಲ್ಲೆ: ಜೆಂಟಾಮೈಸಿನ್, ಕೊಲಿಸ್ಟಿನ್, ಅಮಾಕ್ಸಿಕ್ಲಾವ್. ಮೊದಲೆರಡು ಭಾರಿ ಮದ್ದುಗಳ ಸುತ್ತ ಬ್ಯಾಕ್ಟೀರಿಯಾ ಬಿಲ್ಲೆಯ ಅಂಚಿನವರೆಗೆ ಬಂದು ಕೂತಿದೆ. ಹಲ್ಲುನೋವಿಗೂ ಬರೆದುಕೊಡುವ ಅಮಾಕ್ಸಿಕ್ಲಾವ್ ಸುತ್ತ ಮಾತ್ರ ಬೋಳು ವರ್ತುಲ. ಇಂಥ ತಲೆಕೆಳಗು ನಡತೆಯ ಬ್ಯಾಕ್ಟೀರಿಯಾ ಬೇರೊಂದು ಸಿಗುವುದು ಕಷ್ಟ. ಇಲ್ಲಿ ಮದ್ದಿಗೆ ಬಗ್ಗದ ಗುಣವೇ ಅದರ ಗುರುತಿನ ಚೀಟಿಯಾಯಿತು. ಕನಿಷ್ಠ ಹತ್ತು ಹದಿನಾಲ್ಕು ದಿನ ಸೆಫ್ಟಾಜಿಡಿಮ್ ಅಥವಾ ಮೆರೋಪೆನೆಮ್, ಅದಾದ ಮೇಲೆ ಮೂರು ತಿಂಗಳು ಕೋಟ್ರೈಮಾಕ್ಸಜೋಲ್ ಮಾತ್ರೆ ಕೊಡಬೇಕಾದ ಕಾಯಿಲೆ ಇದು. ಗುರುತು ತಪ್ಪಿದರೆ ರೋಗಿ ಅರ್ಧ ವಾಸಿಯಾಗಿ ಮನೆಗೆ ಹೋಗಿ ಮುಂದಿನ ತಿಂಗಳು ಮತ್ತೆ ಸ್ಟ್ರೆಚರಿನಲ್ಲಿ ಬರುತ್ತಾನೆ.

ಒಂದು ಗಂಟೆಯಲ್ಲಿ ಉತ್ತರ ಬಂದರೆ ಜೀವ ಉಳಿಯುತ್ತದೆಯೇ? ಅಮೆರಿಕದ ಮೇಯೊ ಕ್ಲಿನಿಕ್‌ನವರು 617 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿ ನೋಡಿ 2015ರಲ್ಲಿ ಪ್ರಕಟಿಸಿದರು. ಒಂದಕ್ಕೆ ಹಳೆಯ ಕ್ರಮ, ಇನ್ನೊಂದಕ್ಕೆ ಜೀನ್ ಪರೀಕ್ಷೆ, ಮೂರನೆಯದಕ್ಕೆ ಜೀನ್ ಪರೀಕ್ಷೆಯ ಜೊತೆಗೆ ಅದನ್ನು ಓದಿ ವಾರ್ಡಿಗೆ ಫೋನ್ ಮಾಡಿ ತಿಳಿಹೇಳುವ ತಂಡ. ಬೇಡದ ದೊಡ್ಡ ಮದ್ದನ್ನು ಸರಿಯಾಗಿ ಇಳಿಸಲು ಹಳೆಯ ಕ್ರಮದಲ್ಲಿ 34 ಗಂಟೆ ಹಿಡಿಯಿತು. ಜೀನ್ ಪರೀಕ್ಷೆ ಮಾತ್ರ ಇದ್ದ ಗುಂಪಿನಲ್ಲಿ 38. ತಂಡವೂ ಇದ್ದಲ್ಲಿ 21. ಸಾವಿನ ಪ್ರಮಾಣದಲ್ಲಿ, ಆಸ್ಪತ್ರೆಯಲ್ಲಿ ಕಳೆದ ದಿನಗಳಲ್ಲಿ, ಖರ್ಚಿನಲ್ಲಿ ಮೂರೂ ಗುಂಪುಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಈ 34 ಮತ್ತು 38ನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಯಂತ್ರ ಗಂಟೆಗಳನ್ನು ಉಳಿಸಿಕೊಟ್ಟಿತ್ತು, ಕಾಗದ ಯಾರದೋ ಮೇಜಿನ ಮೇಲೆ ಬಿದ್ದು ಅವನ್ನು ಕಳೆಯಿತು. ನಮ್ಮಲ್ಲಿ ರಾತ್ರಿ ಒಂದೂವರೆಗೆ ಲ್ಯಾಬಿನಿಂದ ಐಸಿಯುಗೆ ಫೋನ್ ಮಾಡಿ ‘ಇದು ಅಸಿನೆಟೋ, ಪೊಟ್ಟಣ ಆಕ್ಸಾ-23 ನೋಡುವುದಿಲ್ಲ, ಮೆರೋ ಮೇಲೆ ಭರವಸೆ ಇಡಬೇಡಿ’ ಎಂದು ಹೇಳುವ ಮೈಕ್ರೋಬಯಾಲಜಿಸ್ಟ್ ಎಷ್ಟು ಆಸ್ಪತ್ರೆಗಳಲ್ಲಿದ್ದಾರೆ? ಯಂತ್ರ ಕೊಳ್ಳಲು ಟೆಂಡರ್ ಕರೆಯುವುದು ಸುಲಭ, ಈ ಒಬ್ಬ ಮನುಷ್ಯನ ಸಂಬಳಕ್ಕೆ ಕಾಲಂ ಇರುವುದಿಲ್ಲ.

ತಟ್ಟೆಯವರೂ ಸುಮ್ಮನೆ ಕೂತಿಲ್ಲ. ಯುರೋಪಿನ ಯುಕಾಸ್ಟ್ ಸಮಿತಿ ಒಪ್ಪಗೊಳಿಸಿದ ಕ್ರಮವೊಂದಿದೆ: ಫ್ಲ್ಯಾಗ್ ಆದ ಬಾಟಲಿಯ ಸಾರವನ್ನು, ನಡುವೆ ಬೇರೆ ಬೆಳೆಸದೆ, ನೇರವಾಗಿ ತಟ್ಟೆಗೆ ಹನಿಸಿ ಬಿಲ್ಲೆ ಇಡುವುದು, ನಾಲ್ಕು, ಆರು ಇಲ್ಲವೇ ಎಂಟು ಗಂಟೆಗೆ ಬೇರೆಯದೇ ಅಳತೆಪಟ್ಟಿ ಹಿಡಿದು ಓದುವುದು. ಬೇಕಾದದ್ದು ತಟ್ಟೆ, ಬಿಲ್ಲೆ, ಸ್ಕೇಲು, ಮತ್ತು ರಾತ್ರಿ ಎಚ್ಚರವಿರುವ ಒಬ್ಬರು. ಬ್ರಿಟನ್ನಿನ ಲಾಂಜಿಟ್ಯೂಡ್ ಪ್ರಶಸ್ತಿ, ಆಂಟಿಬಯೋಟಿಕ್ ಬಳಕೆಗೆ ದಾರಿ ತೋರುವ ವೇಗದ ಪರೀಕ್ಷೆಗೆಂದು ಇಟ್ಟಿದ್ದ 80 ಲಕ್ಷ ಪೌಂಡ್, 2024ರಲ್ಲಿ ಹೋದದ್ದೂ ಜೀನ್ ಹುಡುಕುವವರಿಗಲ್ಲ. ಮೂತ್ರದ ಸೋಂಕಿನ ಬ್ಯಾಕ್ಟೀರಿಯಾವನ್ನು ಕೂದಲೆಳೆಯಂಥ ಕಾಲುವೆಗಳಿಗೆ ಬಿಟ್ಟು, ಮದ್ದಿನ ಎದುರು ಅದು ಬೆಳೆಯುತ್ತದೋ ಇಲ್ಲವೋ ಎಂದು ಮುಕ್ಕಾಲು ಗಂಟೆ ಕಣ್ಣಿಟ್ಟು ನೋಡುವ ಸ್ವೀಡನ್ನಿನ ಒಂದು ಯಂತ್ರಕ್ಕೆ. ಹೊಲ ನೋಡುವವರ ಪಂಗಡ.

ಆ ರಾತ್ರಿ ಒಂದೂವರೆಯ ರಿಪೋರ್ಟಿಗೂ ಇದೇ ದಾರಿಯಲ್ಲಿ ಮುಂದಿನ ಕತೆ ಇದೆ. ಬಾಟಲಿ ಫ್ಲ್ಯಾಗ್ ಆದಾಗ ಪೊಟ್ಟಣಕ್ಕೆ ಹನಿ ಹಾಕಿದ ಟೆಕ್ನಿಷಿಯನ್, ಯಾರೂ ಹೇಳದಿದ್ದರೂ, ಒಂದು ತಟ್ಟೆಗೂ ಹನಿಸಿ ಬಿಲ್ಲೆ ಇಟ್ಟು ಪೆಟ್ಟಿಗೆಗೆ ಸೇರಿಸಿದ್ದಾಳೆ ಎಂದುಕೊಳ್ಳಿ. ಬೆಳಿಗ್ಗೆ ಎಂಟಕ್ಕೆ, ಪಾಳಿ ಮುಗಿಸಿ ಹೋಗುವ ಮೊದಲು, ಅದನ್ನು ತೆಗೆದು ಕಪ್ಪು ಬಟ್ಟೆಯ ಮೇಲಿಟ್ಟು ದೀಪದ ಕೆಳಗೆ ಓರೆ ಮಾಡಿ ನೋಡುತ್ತಾಳೆ. ತೆಳುವಾದ ಬೂದು ಪೊರೆ ಆಗಲೇ ಹರಡಿದೆ. ಮೆರೋಪೆನೆಮ್ ಬಿಲ್ಲೆಯ ಮೇಲೆ ಸ್ಕೇಲ್ ಇಟ್ಟು, ಒಂದು ಕ್ಷಣ ತಡೆದು, ರಿಜಿಸ್ಟರಿನಲ್ಲಿ 6 ಎಂದು ಬರೆಯುತ್ತಾಳೆ. ಆಮೇಲೆ ಐಸಿಯುಗೆ ಫೋನ್ ಹಚ್ಚುತ್ತಾಳೆ.